ಮೇಡಂ ಅವರನ್ನು ಕೇಳಿ: ಜೀವಪ್ರೇರಣೆ, ಮೃತ್ಯುಪ್ರೇರಣೆ

ಅಡ್ಮಿನ್: ಈ ಭಾನುವಾರ ಮನೋವಿಶ್ಲೇಷಣೆ ಹುಟ್ಟುಹಾಕಿದ ಫ್ರಾಯ್ಡ್. ಉತ್ತರ ಕೊಡೋರು ನಮ್ಮ ಗ್ರೂಪಿನ ಸೈಕಾಲಜಿಸ್ಟ್ ಮೇಡಂ.

ಬಿಎ ವಿದ್ಯಾರ್ಥಿ: ಥನಾಟೋಸ್, ಅಂದ್ರೆ ಈ ಮೃತ್ಯುಪ್ರೇರಣೆ, ಸಾಯೋ ಆಸೆನಾ ಮೇಡಂ?

ಮೇಡಂ: ಅಲ್ಲ. ಎಲ್ಲ ಉದ್ವೇಗ ಇಳಿದು ನಿರ್ಜೀವ ಸ್ಥಿತಿಗೆ ಮರಳೋ ಸೆಳೆತ ಜೀವದೊಳಗೇ ಇದೆ ಅನ್ನೋದು ಫ್ರಾಯ್ಡ್ 1920ರಲ್ಲಿ ಮುಂದಿಟ್ಟ ಊಹೆ. ಹೊರಕ್ಕೆ ತಿರುಗಿದರೆ ಅದೇ ಆಕ್ರಮಣ. ಕೂಡಿಸೋದು, ಕಟ್ಟೋದು ಎರೋಸ್, ಅಂದರೆ ಜೀವಪ್ರೇರಣೆ. ಥನಾಟೋಸ್ ಅನ್ನೋ ಹೆಸರು ಅವರ ಬರಹದಲ್ಲಿಲ್ಲ, ಶಿಷ್ಯರು ಅಂಟಿಸಿದ್ದು.

ಶಿರಸಿಯ ತಾಯಿ: ಮಗನಿಗೆ ನಾಲ್ಕು ವರ್ಷ. ಮಾವ ತೀರಿಕೊಂಡು ಐದು ವಾರ. ದಿನಾ ಅಜ್ಜನ ಪಂಚೆ ಹಾಸಿ, ದಿಂಬು ಮಲಗಿಸಿ, 'ಉಂಯ್ ಉಂಯ್' ಅಂತ ಬಾಗಿಲಾಚೆ ಎಳ್ಕೊಂಡು ಹೋಗ್ತಾನೆ. ಅಪಶಕುನ ಅಂತ ಅತ್ತೆ ಹೊಡೆದ್ರು. ಇದು ಮೃತ್ಯುಪ್ರೇರಣೆನಾ?

ಮೇಡಂ: ಮೊದಲು ಹೊಡೆಯೋದು ನಿಲ್ಲಲಿ. ನೋವು ಕೊಟ್ಟಿದ್ದನ್ನೇ ಮನಸ್ಸು ಯಾಕೆ ಮತ್ತೆ ಮತ್ತೆ ಆಡುತ್ತೆ? ಫ್ರಾಯ್ಡ್‌ನ ಕಾಡಿದ್ದೂ ಇದೇ. ಯುದ್ಧದಿಂದ ಬಂದ ಸೈನಿಕರಿಗೆ ಕನಸಲ್ಲೂ ಅದೇ ಭಯ. ಫ್ರಾಯ್ಡ್ ಮೊಮ್ಮಗ ಎರ್ನ್ಸ್ಟ್, ಒಂದೂವರೆ ವರ್ಷದವನು, ಅಮ್ಮ ಹೊರಗೆ ಹೋದರೆ ಅಳ್ತಿರಲಿಲ್ಲ. ದಾರ ಕಟ್ಟಿದ ಮರದ ಉರುಳೆಯನ್ನ ಪರದೆ ಹಾಕಿದ ಮಂಚದ ಅಂಚಿನಾಚೆ ಎಸೆದು 'ಓ...' ಅಂತಿದ್ದ, ಅಂದರೆ 'ಹೋಯ್ತು'. ಎಳೆದುಕೊಂಡು 'ಇಲ್ಲಿದೆ' ಅಂತಿದ್ದ. ತನ್ನ ಕೈಮೀರಿ ನಡೆದಿದ್ದನ್ನ ತಾನೇ ನಡೆಸೋದು. ಈ ಆಟದಿಂದಷ್ಟೇ ಮೃತ್ಯುಪ್ರೇರಣೆ ಸಾಬೀತಾಗಲ್ಲ ಅಂತ ಫ್ರಾಯ್ಡೇ ಒಪ್ಪಿದ್ದಾರೆ. ಒಂದು ಹೇಳಿ, ದಿಂಬು ವಾಪಸ್ ಬರುತ್ತಾ?

ಕಾಕಾ: ಫಾರ್ವರ್ಡೆಡ್. ಮೃತ್ಯುಪ್ರವೃತ್ತಿಗೆ 21 ದಿನ ಬ್ರಾಹ್ಮಿ ಎಣ್ಣೆ, ದಿಂಬಿನಡಿ ನಿಂಬೆಹಣ್ಣು 🙏 ಎಲ್ಲರಿಗೂ ಕಳಿಸಿ.

ಮೇಡಂ: ಈ ವಾರ ಮೂರನೇ ಸಲ ಇದು. ನಿಂಬೆಹಣ್ಣು ಪಾನಕಕ್ಕಿರಲಿ. ಸಾಯಬೇಕು ಅನ್ನಿಸ್ತಿರೋರು ಇದನ್ನ ನಂಬಿ ದಿನ ಎಣಿಸ್ತಾ ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416, ಹಗಲೂ ರಾತ್ರಿ ಸಿಗ್ತಾರೆ, ದುಡ್ಡಿಲ್ಲ.

ಹುಬ್ಬಳ್ಳಿ ಸದಸ್ಯ: ಸಿಗರೇಟು ಬಿಡಾಕ ಆಗವಲ್ದು. ಇದೂ ಅದೇ ಏನ್ರಿ ಮೇಡಂ?

ನಿವೃತ್ತ ಮೇಷ್ಟ್ರು: ಆ ಎರ್ನ್ಸ್ಟ್‌ನ ತಾಯಿ ಸೋಫಿ, ಫ್ರಾಯ್ಡ್ ಮಗಳು. ಅವಳು ಸತ್ತ ದುಃಖದಲ್ಲೇ ಈ ಸಿದ್ಧಾಂತ ಹುಟ್ಟಿದ್ದು.

ಲೈಬ್ರರಿಯನ್: ತಪ್ಪು ಸಾರ್. ಸೋಫಿ ಫ್ಲೂನಲ್ಲಿ ಹೋಗಿದ್ದು 1920ರ ಜನವರಿ. ಅವಳು ಚೆನ್ನಾಗಿದ್ದಾಗಲೇ ಈ ಸಿದ್ಧಾಂತದ ಪುಸ್ತಕ ಅರ್ಧ ಆಗಿತ್ತು ಅಂತ ಫ್ರಾಯ್ಡೇ ಹೇಳಿದ್ದಾರೆ.

ನಿವೃತ್ತ ಮೇಷ್ಟ್ರು: ಅರ್ಧ ತಾನೇ? ಇನ್ನರ್ಧ?

ಲೈಬ್ರರಿಯನ್: ನಾಶವಾಗದೆ ಹೊಸದು ಹುಟ್ಟಲ್ಲ ಅಂತ ಮನೋವಿಶ್ಲೇಷಕಿ ಸಬೀನಾ ಸ್ಪೀಲ್‌ರೈನ್ 1912ರಲ್ಲೇ ಬರೆದಿದ್ರು. ಫ್ರಾಯ್ಡ್ ಅವರಿಗೆ ಕೊಟ್ಟಿದ್ದು ಒಂದು ಅಡಿಟಿಪ್ಪಣಿ. ಅದನ್ನ ಮಾತಾಡಿ.

ನಿವೃತ್ತ ಮೇಷ್ಟ್ರು: ನನಗೆ ಪಾಠ ಬೇಡಮ್ಮ. ಮೂವತ್ತು ವರ್ಷ ಪಾಠ ಮಾಡಿದೋನು ನಾನು.

ಲೈಬ್ರರಿಯನ್: ಗಣಿತ ತಾನೇ ಸಾರ್?

ಹೊಸ ಸದಸ್ಯ: ಮೃತ್ಯುಪ್ರೇರಣೆ ಅಂದ್ರೆ ಸೂಸೈಡಾ ಮೇಡಂ?

ಮೇಡಂ: ಮೇಲೆ ಓದಿ.

ಶಿರಸಿಯ ತಾಯಿ: ಇಲ್ಲ ಮೇಡಂ. ದಿಂಬು ಜಗಲಿಯಲ್ಲೇ ಬಿಟ್ಟು ಬರ್ತಾನೆ. ರಾತ್ರಿ ನಾನೇ ಎತ್ತಿಡೋದು.

ಮೇಡಂ: ಎರ್ನ್ಸ್ಟ್ ಕೂಡ 'ಹೋಯ್ತು' ಭಾಗವನ್ನೇ ಹೆಚ್ಚು ಆಡ್ತಿದ್ದ. ನಾಳೆ ನೀವೂ ಪಕ್ಕ ಕೂತು 'ಅಜ್ಜ ಎಲ್ಲಿಗೆ ಹೋದ್ರು?' ಅಂತ ಕೇಳಿ. 'ಮಲಗಿದ್ದಾರೆ, ಬರ್ತಾರೆ' ಅಂತ ಮಾತ್ರ ಹೇಳಬೇಡಿ, ಸತ್ತಿದ್ದಾರೆ ಅಂತಲೇ ಹೇಳಿ. ಆಟ ಒಂಚೂರೂ ಬದಲಾಗದೆ ಅವನಿಗೆ ಭಯ ಹೆಚ್ಚಿದರೆ, ನಿದ್ದೆ ಕೆಟ್ಟರೆ, ಕರ್ಕೊಂಡು ಬನ್ನಿ.

ಕಾಕಾ: ನಿಂಬೆಹಣ್ಣಿಂದ ಏನು ನಷ್ಟ ಹೇಳಿ?

ಅಡ್ಮಿನ್: ಕಾಕಾ, ಇನ್ನೊಂದು ಸಲ ಹಾಕಿದ್ರೆ ತೆಗೀತೀನಿ.

ಹುಬ್ಬಳ್ಳಿ ಸದಸ್ಯ: ಮೇಡಂ, ನಂದು?

ಬಿಎ ವಿದ್ಯಾರ್ಥಿ: ಸ್ಪೀಲ್‌ರೈನ್ ಸ್ಪೆಲಿಂಗ್ ಯಾರಾದ್ರೂ ಹಾಕಿ, ನಾಳೆನೇ ಪರೀಕ್ಷೆ.