ಎಕ್ಸಿಮಾಕ್ಕೆ ಪ್ರೋಬಯಾಟಿಕ್ ಸೇವನೆಯಿಂದ ಪ್ರಯೋಜನವಿದೆಯೇ?

ಪ್ರಶ್ನೆ: ನನ್ನ ಮಗಳಿಗೆ ಎಕ್ಸಿಮಾ (ತುರಿಕೆಯುಂಟುಮಾಡುವ ಚರ್ಮದ ಉರಿಯೂತ) ಇದೆ. ಲ್ಯಾಕ್ಟೋಬ್ಯಾಸಿಲಸ್ ಎಂಬ ಪ್ರೋಬಯಾಟಿಕ್ (ಆರೋಗ್ಯಕ್ಕೆ ಒಳ್ಳೆಯದೆಂದು ಸೇವಿಸುವ ಜೀವಂತ ಬ್ಯಾಕ್ಟೀರಿಯಾ) ಇರುವ ಪುಡಿಯನ್ನು ಕೊಟ್ಟರೆ ಸ್ಟೀರಾಯ್ಡ್ ಮುಲಾಮನ್ನು ನಿಲ್ಲಿಸಬಹುದೆಂದು ಪರಿಚಿತರೊಬ್ಬರು ಹೇಳುತ್ತಿದ್ದಾರೆ. ಇದಕ್ಕೆ ಆಧಾರವಿದೆಯೇ?

ಉತ್ತರ 1: ಮುಲಾಮನ್ನು ನಿಲ್ಲಿಸುವಷ್ಟು ಆಧಾರ ಖಂಡಿತ ಇಲ್ಲ. ವೈದ್ಯಕೀಯ ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2018ರ ವಿಮರ್ಶೆಯು 39 ಪ್ರಯೋಗಗಳನ್ನು, ಅಂದರೆ ಸುಮಾರು 2,600 ಜನರ ಮಾಹಿತಿಯನ್ನು ಪರಿಶೀಲಿಸಿ, ತುರಿಕೆ ಹಾಗೂ ನಿದ್ರಾಭಂಗದಂತಹ ಲಕ್ಷಣಗಳಲ್ಲಿ ಪ್ರೋಬಯಾಟಿಕ್‌ನಿಂದ ಹೇಳಿಕೊಳ್ಳುವಂತಹ ವ್ಯತ್ಯಾಸವಾಗುವುದಿಲ್ಲವೆಂದು ತಿಳಿಸಿದೆ. ರೋಗದ ತೀವ್ರತೆಯನ್ನು 103 ಅಂಕಗಳಲ್ಲಿ ಅಳೆಯುವ ಮಾಪನದಲ್ಲಿ ಸರಾಸರಿ 4 ಅಂಕಗಳಷ್ಟು ಇಳಿಕೆ ಕಂಡುಬಂದರೂ, ಅದು ರೋಗಿಯ ಅನುಭವಕ್ಕೆ ಬರುವಷ್ಟು ದೊಡ್ಡದಲ್ಲ.

ಉತ್ತರ 2: ಬ್ಯಾಕ್ಟೀರಿಯಾದ ತಳಿ ಬದಲಾದರೆ ಪರಿಣಾಮವೂ ಬದಲಾಗಬಹುದಲ್ಲವೇ?

ಉತ್ತರ 1: ಬದಲಾಗಬಹುದು, ಆದರೆ ಆ ಸಾಧ್ಯತೆಯನ್ನೇ ನಂಬಿ ಪುಡಿ ಕೊಳ್ಳುವುದು ನನಗೆ ಸರಿಯೆನಿಸದು. ರೋಗನಿರೋಧಕ ಶಕ್ತಿ ತೀರಾ ಕುಂದಿರುವವರಲ್ಲಿ ಈ ಜೀವಾಣುಗಳಿಂದಲೇ ಅಪರೂಪಕ್ಕೆ ಸೋಂಕು ತಗುಲಿದ್ದೂ ಉಂಟು.

ಪ್ರಶ್ನೆ ಕೇಳಿದವರು: ಹಾಗಿದ್ದರೆ ಮುಲಾಮನ್ನೂ ತೇವಕಾರಕವನ್ನೂ ಮುಂದುವರಿಸಿ, ಪುಡಿಯ ವಿಚಾರವನ್ನು ಚರ್ಮವೈದ್ಯರಲ್ಲಿ ಕೇಳುತ್ತೇನೆ.