ಚೀಲದ ಮೇಲೆ 60, ಲೆಕ್ಕದಲ್ಲಿ 52: ಪೊಟ್ಯಾಷ್ ಗೊಬ್ಬರದ ಶೇಕಡಾ ಸಂಯೋಜನೆ

ಪ್ರಶ್ನೆ (ಪ್ರಥಮ ಪಿಯುಸಿ ವಿದ್ಯಾರ್ಥಿನಿ):

ಗುರುಗಳಿಗೆ ನಮಸ್ಕಾರ. ಶೇಕಡಾ ಸಂಯೋಜನೆಯ ಲೆಕ್ಕಗಳನ್ನು ಅಭ್ಯಾಸ ಮಾಡುತ್ತಿದ್ದಾಗ, ಅಪ್ಪ ಅಡಿಕೆ ತೋಟಕ್ಕೆಂದು ತಂದಿದ್ದ ಗೊಬ್ಬರದ ಚೀಲಗಳ ಮೇಲಿನ ಅಂಕಿಗಳನ್ನೇ ತಾಳೆ ನೋಡೋಣವೆಂದು ಕುಳಿತೆ. ಯೂರಿಯಾದಲ್ಲಿ ಸಾರಜನಕ ಶೇ. 46.7 ಬಂದಿತು, ಚೀಲದ ಮೇಲೆ 46 ಎಂದಿದೆ, ಹೆಚ್ಚುಕಡಿಮೆ ಸರಿಹೋಯಿತು. ಆದರೆ ಪೊಟ್ಯಾಷ್ ಎಂದು ಕರೆಯುವ ಪೊಟ್ಯಾಸಿಯಂ ಕ್ಲೋರೈಡ್‌ನಲ್ಲಿ ಪೊಟ್ಯಾಸಿಯಂ ಶೇ. 52.3 ಮಾತ್ರ ಬರುತ್ತಿದೆ, ಚೀಲದ ಮೇಲೆ 60 ಎಂದು ಅಚ್ಚಾಗಿದೆ. ಪಕ್ಕದಲ್ಲಿ ಪೊಟ್ಯಾಸಿಯಂ ಆಕ್ಸೈಡ್‌ನ ಸೂತ್ರವಿರುವುದನ್ನು ಗಮನಿಸಿ, ಆಕ್ಸೈಡ್‌ನ ಸೂತ್ರರಾಶಿ 94ನ್ನು ಕ್ಲೋರೈಡ್‌ನ 74.5ರಿಂದ ಭಾಗಿಸಿದರೆ ಶೇ. 126 ಬಂದಿತು. ನೂರನ್ನು ಮೀರಲು ಹೇಗೆ ಸಾಧ್ಯ? ನಾನು ತಪ್ಪಿದ್ದೆಲ್ಲಿ?

ಉತ್ತರ (ರಸಾಯನಶಾಸ್ತ್ರ ಉಪನ್ಯಾಸಕ):

ನಿಮ್ಮ 52.3 ಸರಿಯಾಗಿದೆ, ಚೀಲದ 60 ಕೂಡ ಸರಿಯಾಗಿದೆ. 126 ಮಾತ್ರ ತಪ್ಪು. ಅದು ತಪ್ಪೆಂದು ನಿಮಗೇ ಅನುಮಾನ ಬಂದದ್ದು ನನಗೆ ಸಂತೋಷ ತಂದಿದೆ, ಏಕೆಂದರೆ ಉತ್ತರಪತ್ರಿಕೆಯಲ್ಲಿ ಇಂತಹ ಅಂಕಿಯನ್ನು ಬರೆದು ಕೆಳಗೆ ಎರಡು ಗೆರೆ ಎಳೆದು ಮುಂದೆ ಹೋಗುವವರೇ ಹೆಚ್ಚು.

ಮೊದಲು ನಿಮ್ಮ ಲೆಕ್ಕವನ್ನು ನೋಡೋಣ. ಪೊಟ್ಯಾಸಿಯಂನ ಸಾಪೇಕ್ಷ ಪರಮಾಣು ರಾಶಿ 39, ಕ್ಲೋರಿನ್‌ನದು 35.5, ಒಟ್ಟು 74.5; ಆದ್ದರಿಂದ ಪೊಟ್ಯಾಸಿಯಂನ ಪಾಲು 39ನ್ನು 74.5ರಿಂದ ಭಾಗಿಸಿ ನೂರರಿಂದ ಗುಣಿಸಿದಾಗ ಬರುವ 52.3. ಇವು ಗ್ರಾಂಗಳಲ್ಲ, ಬರಿಯ ಹೋಲಿಕೆಯ ಸಂಖ್ಯೆಗಳು. ಕಾರ್ಬನ್-12ರ ಒಂದು ಪರಮಾಣುವಿನ ರಾಶಿಯನ್ನು ನಿಖರವಾಗಿ 12 ಎಂದು ಇಟ್ಟುಕೊಂಡು, ಉಳಿದವು ಅದಕ್ಕೆ ಹೋಲಿಸಿದರೆ ಎಷ್ಟು ಭಾರ ಎಂಬುದನ್ನು ಇವು ಹೇಳುತ್ತವೆ. ಈ ಮಾನದಂಡ ಬಳಕೆಗೆ ಬಂದದ್ದು 1961ರಲ್ಲಿ. ಕ್ಲೋರಿನ್‌ನ ಸಂಖ್ಯೆ ಅರ್ಧದಲ್ಲಿ ನಿಲ್ಲಲು ಕಾರಣ, ನಿಸರ್ಗದಲ್ಲಿ ಅದರ ಪರಮಾಣುಗಳಲ್ಲಿ ಸುಮಾರು ಮುಕ್ಕಾಲು ಪಾಲು 35ರವು, ಕಾಲು ಪಾಲು 37ರವು ಇದ್ದು, ನಾವು ಬಳಸುವುದು ಅವುಗಳ ಸರಾಸರಿಯನ್ನು.

ಈಗ ಚೀಲದ ಮಾತು. ಆ ಇಟ್ಟಿಗೆ ಬಣ್ಣದ ಹರಳುಗಳಲ್ಲಿ ಪೊಟ್ಯಾಸಿಯಂ ಆಕ್ಸೈಡ್ ಒಂದು ಚಿಟಿಕೆಯೂ ಇಲ್ಲ. ಅದು ನೀರು ತಾಗಿದರೆ ಜೋರಾಗಿ ವರ್ತಿಸುವ ವಸ್ತು. ಚೀಲದಲ್ಲಿ ತುಂಬಿ ಗೊಬ್ಬರದಂಗಡಿಯಲ್ಲಿ ಒಟ್ಟುವಂಥದ್ದಲ್ಲ. ಹಳೆಯ ಕಾಲದ ವಿಶ್ಲೇಷಕರು ಖನಿಜ, ಬೂದಿ ಮುಂತಾದವುಗಳಲ್ಲಿರುವ ಲೋಹಗಳನ್ನು ಆಕ್ಸೈಡ್‌ಗಳ ಲೆಕ್ಕದಲ್ಲಿ ಬರೆಯುತ್ತಿದ್ದರು. ವಿಜ್ಞಾನ ಮುಂದೆ ಸಾಗಿದರೂ ಗೊಬ್ಬರದ ವ್ಯಾಪಾರದಲ್ಲಿ ಆ ಪದ್ಧತಿ ಉಳಿದುಕೊಂಡಿತು. ಹೀಗಾಗಿ 60 ಎಂದರೆ, ಚೀಲದಲ್ಲಿರುವ ಪೊಟ್ಯಾಸಿಯಂ ಅಷ್ಟೂ ಆಕ್ಸೈಡ್ ಆಗಿದ್ದಿದ್ದರೆ ನೂರು ಕಿಲೋದಲ್ಲಿ ಕನಿಷ್ಠ ಅರವತ್ತು ಕಿಲೋ ತೂಗುತ್ತಿತ್ತು ಎಂದರ್ಥ. ಇದು ಗೊಂದಲದ ಪದ್ಧತಿ ಎಂಬುದೇ ನನ್ನ ಅಭಿಪ್ರಾಯ, ಆದರೆ ಕೃಷಿ ಶಿಫಾರಸುಗಳೂ ಇದೇ ಲೆಕ್ಕದಲ್ಲಿರುವುದರಿಂದ ತೋಟದಲ್ಲಿ ಎಡವಟ್ಟಾಗುವುದಿಲ್ಲ.

ನೀವು ತಪ್ಪಿದ್ದು ಇಲ್ಲಿ: ಆಕ್ಸೈಡ್‌ನ ಒಂದು ಸೂತ್ರದಲ್ಲಿ ಪೊಟ್ಯಾಸಿಯಂ ಎರಡಿದೆ, ಕ್ಲೋರೈಡ್‌ನಲ್ಲಿ ಒಂದೇ ಇದೆ. ಆದ್ದರಿಂದ 94ಕ್ಕೆ ಸಮನಾಗಿ ಎರಡು ಕ್ಲೋರೈಡ್‌ಗಳನ್ನು, ಅಂದರೆ 149ನ್ನು ಇಡಬೇಕು. ಆಗ ಶುದ್ಧ ಪೊಟ್ಯಾಸಿಯಂ ಕ್ಲೋರೈಡ್‌ಗೆ ಶೇ. 63.1 ಬರುತ್ತದೆ. ಚೀಲದ 60ನ್ನು ಇದರಿಂದ ಭಾಗಿಸಿದರೆ ಗೊಬ್ಬರದ ಶುದ್ಧತೆ ಸುಮಾರು ಶೇ. 95 ಎಂದು ತಿಳಿಯುತ್ತದೆ. ಉಳಿದದ್ದರಲ್ಲಿ ಅಡುಗೆ ಉಪ್ಪು, ತೇವಾಂಶ ಮುಂತಾದವು ಸೇರಿರುತ್ತವೆ. ಇನ್ನು 50 ಕಿಲೋ ಚೀಲದಲ್ಲಿ ಆಕ್ಸೈಡ್ ಲೆಕ್ಕದಲ್ಲಿ 30 ಕಿಲೋ ಇದ್ದರೆ, ಅದರ 94ರಲ್ಲಿ 78 ಭಾಗ, ಅಂದರೆ 24.9 ಕಿಲೋ, ನಿಜವಾದ ಪೊಟ್ಯಾಸಿಯಂ.

ಪ್ರಶ್ನೆ (ಅಡಿಕೆ ಬೆಳೆಗಾರ):

ಮಾನ್ಯರೇ, ಇದೇ ಜಾಡಿನಲ್ಲಿ ನನ್ನದೂ ಒಂದು ಪ್ರಶ್ನೆ. ಕೊಳೆರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣ ಮಾಡುವಾಗ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ ಹಾಕುತ್ತೇವೆ. ಹಾಗಾದರೆ ದ್ರಾವಣದಲ್ಲಿ ತಾಮ್ರ ಶೇ. 1 ಇರುತ್ತದೆಯೇ? ಮಗನ ಲೆಕ್ಕದಲ್ಲಿ ಮೈಲುತುತ್ತದ ತಾಮ್ರ ಶೇ. 39.8 ಬಂದಿದೆ, ಪೊಟ್ಟಣದ ಮೇಲೆ 24 ಎಂದಿದೆ.

ಉತ್ತರ:

ಇರುವುದಿಲ್ಲ. ಅಲ್ಲಿನ ಶೇ. 1 ಮೈಲುತುತ್ತದ ಪ್ರಮಾಣವೇ ಹೊರತು ತಾಮ್ರದ್ದಲ್ಲ. ನಿಮ್ಮ ಮಗ ತಾಮ್ರ 63.5, ಗಂಧಕ 32, ನಾಲ್ಕು ಆಮ್ಲಜನಕಕ್ಕೆ 64 ಎಂದು ಕೂಡಿಸಿ 159.5ಕ್ಕೆ ನಿಲ್ಲಿಸಿದ್ದಾರೆ. ನೀಲಿ ಹರಳಿನಲ್ಲಿ ಪ್ರತಿ ಸೂತ್ರಕ್ಕೆ ಐದು ನೀರಿನ ಅಣುಗಳು ಕಟ್ಟಿಕೊಂಡಿರುತ್ತವೆ. ಅವುಗಳ 90ನ್ನೂ ಸೇರಿಸಿದರೆ 249.5 ಆಗುತ್ತದೆ, ತಾಮ್ರದ ಪಾಲು ಶೇ. 25.5ಕ್ಕೆ ಇಳಿಯುತ್ತದೆ. ಪೊಟ್ಟಣದ 24 ಕನಿಷ್ಠ ಖಾತರಿ, ಆದ್ದರಿಂದ ಅದು ಸ್ವಲ್ಪ ಕಡಿಮೆ. ನೀವು ಹಾಕುವ ಒಂದು ಕಿಲೋದಲ್ಲಿ ತಾಮ್ರ ಕಾಲು ಕಿಲೋದಷ್ಟು, ನೀರು 360 ಗ್ರಾಂ.

ಮೈಲುತುತ್ತವೇನೂ ಒದ್ದೆಯಾಗಿ ಕಾಣುವುದಿಲ್ಲವಲ್ಲ, ನೀರೆಲ್ಲಿದೆ ಎಂದು ಮಗ ಕೇಳಿದರೆ, ಕಾಲೇಜಿನ ಪ್ರಯೋಗಾಲಯದಲ್ಲಿ ಒಣ ಪ್ರನಾಳದಲ್ಲಿ ನಾಲ್ಕು ಹರಳು ಹಾಕಿ, ಬಾಯಿಯನ್ನು ತುಸು ಕೆಳಕ್ಕೆ ಓರೆಯಾಗಿಸಿ ಕಾಯಿಸಲು ಹೇಳಿ. ನೀಲಿ ಬಣ್ಣ ಮಾಸಿ ಹರಳುಗಳು ಬೂದುಬಿಳುಪಿನ ಪುಡಿಯಾಗುತ್ತವೆ, ಬಾಯಿಯ ಹತ್ತಿರ ತಣ್ಣಗಿರುವ ಗಾಜಿನ ಮೇಲೆ ಹನಿಗಳು ಕೂರುತ್ತವೆ. ತಣಿದ ಮೇಲೆ ಆ ಪುಡಿಗೆ ಎರಡು ಹನಿ ನೀರು ಬಿಟ್ಟರೆ ನೀಲಿ ಮರಳುತ್ತದೆ, ಪ್ರನಾಳ ಕೈಗೆ ಬೆಚ್ಚಗಾಗುತ್ತದೆ. ಮಗನ 39.8 ಆ ಬಿಳಿ ಪುಡಿಗೆ ಸರಿಯಾದ ಉತ್ತರ.

ಪ್ರಶ್ನೆ (ಅದೇ ವಿದ್ಯಾರ್ಥಿನಿ):

ಧನ್ಯವಾದಗಳು. ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ಚೀಲದ ಮೇಲಿನ 18 ಮತ್ತು 46ರಲ್ಲಿ, 46 ಕೂಡ ಆಕ್ಸೈಡ್ ಲೆಕ್ಕವೇ?

ಉತ್ತರ:

ಹೌದು, ಅದು ರಂಜಕದ ಪೆಂಟಾಕ್ಸೈಡ್ ಲೆಕ್ಕ. 142ರಲ್ಲಿ 62 ಭಾಗ ರಂಜಕವಾದ್ದರಿಂದ 46ಕ್ಕೆ ರಂಜಕ ಸುಮಾರು 20.1 ಮಾತ್ರ. ಸಾರಜನಕದ 18 ಮಾತ್ರ ನೇರವಾಗಿ ಧಾತುವಿನದೇ. ಸೂತ್ರದಿಂದ ತಾಳೆ ನೋಡುವಾಗ ಜಲಜನಕಗಳನ್ನು ಎಚ್ಚರದಿಂದ ಎಣಿಸಿ: (NH₄)₂HPO₄ ಎಂಬ ಸೂತ್ರದಲ್ಲಿ ಆವರಣದ ಹೊರಗಿನ 2 ಒಳಗಿನ ನಾಲ್ಕನ್ನೂ ಗುಣಿಸುತ್ತದೆ, ಹೊರಗೆ ಇನ್ನೊಂದು ಇದೆ, ಒಟ್ಟು ಒಂಬತ್ತು. ಸೂತ್ರರಾಶಿ 132, ಸಾರಜನಕ ಶೇ. 21.2 ಬರಬೇಕು. ಮಾರುಕಟ್ಟೆಯ ಡಿಎಪಿ ಶುದ್ಧ ಲವಣವಲ್ಲದ ಕಾರಣ ಚೀಲದಲ್ಲಿ 18 ಇರುವುದನ್ನು ಕಂಡು ಮತ್ತೆ ಲೆಕ್ಕ ಅಳಿಸಬೇಡಿ.