ಹತ್ತು ಕಿಲೊ ಇಳಿಸಿದರೆ ಸ್ಲೀಪ್ ಆಪ್ನಿಯಾ ಹೋಗುತ್ತದೆಯೇ?

ಪ್ರಶ್ನೆ (ಶಿರಸಿ):
ನನ್ನ ಅಣ್ಣನಿಗೆ 46 ವರ್ಷ, ಎತ್ತರ 165 ಸೆಂ.ಮೀ., ತೂಕ 92 ಕೆ.ಜಿ. ರಾತ್ರಿ ಗೊರಕೆ ಏರುತ್ತಾ ಹೋಗಿ ಒಮ್ಮೆಲೇ ನಿಂತುಬಿಡುತ್ತದೆ, ಸ್ವಲ್ಪ ಹೊತ್ತಿಗೆ ಉಸಿರುಗಟ್ಟಿದವರಂತೆ ಬೆಚ್ಚಿ ಏಳುತ್ತಾನೆ ಎಂದು ಅತ್ತಿಗೆ ಹೇಳುತ್ತಾರೆ. ಅಡಿಕೆ ಟೆಂಡರಿಗೆ ಹೋದಲ್ಲಿಯೂ ಕುಳಿತಲ್ಲೇ ತೂಕಡಿಸುತ್ತಾನೆ. ಇದು ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ಕಾಯಿಲೆ, ಇರಬಹುದೆಂದು ವೈದ್ಯರು ಹುಬ್ಬಳ್ಳಿಯಲ್ಲಿ ನಿದ್ರಾ ಪರೀಕ್ಷೆ ಮಾಡಿಸಲು ಸೂಚಿಸಿದ್ದಾರೆ. ಅವನು ಮಾತ್ರ ಮೊದಲು ಹತ್ತು ಕಿಲೊ ಇಳಿಸುತ್ತೇನೆ, ಆಮೇಲೆ ಪರೀಕ್ಷೆಯೇ ಬೇಕಾಗುವುದಿಲ್ಲ ಎನ್ನುತ್ತಾನೆ. ಆದರೆ ಬಡಕಲು ಶರೀರದ ನಮ್ಮ ಚಿಕ್ಕಪ್ಪನಿಗೂ ಇದೇ ಕಾಯಿಲೆಯಿದೆ. ಹಾಗಾದರೆ ತೂಕಕ್ಕೂ ಇದಕ್ಕೂ ಇರುವ ಸಂಬಂಧ ಎಷ್ಟು?

ಉತ್ತರ (ಕಾರವಾರ):
ಸಂಬಂಧ ಗಟ್ಟಿಯಾಗಿಯೇ ಇದೆ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗುವುದು ಎಲ್ಲರಿಗೂ ಸಹಜ. ಕತ್ತಿನ ಸುತ್ತ, ಗಂಟಲಿನ ಗೋಡೆಯಲ್ಲಿ, ನಾಲಿಗೆಯಲ್ಲಿಯೂ ಕೊಬ್ಬು ಸೇರಿದವರಲ್ಲಿ ಗಾಳಿಯ ದಾರಿ ಮೊದಲೇ ಕಿರಿದಾಗಿರುವುದರಿಂದ ಅಷ್ಟು ಸಡಿಲಿಕೆಗೇ ಅದು ಮುಚ್ಚಿಕೊಳ್ಳುತ್ತದೆ. ಹೊಟ್ಟೆಯ ಪಾತ್ರವನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. ಅಂಗಾತ ಮಲಗಿದಾಗ ಹೊಟ್ಟೆಯ ಕೊಬ್ಬು ವಪೆಯನ್ನು (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆಯನ್ನು) ಮೇಲಕ್ಕೆ ದೂಡುತ್ತದೆ, ಶ್ವಾಸಕೋಶ ಕುಗ್ಗುತ್ತದೆ, ಶ್ವಾಸನಾಳವನ್ನು ಕೆಳಕ್ಕೆ ಸೆಳೆದು ಗಂಟಲನ್ನು ತೆರೆದಿಡುವ ಎಳೆತವೂ ತಗ್ಗುತ್ತದೆ.

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ತೂಕ ಶೇ. 10ರಷ್ಟು ಏರಿದರೆ ಎಎಚ್‌ಐ, ಅಂದರೆ ಗಂಟೆಗೆ ಎಷ್ಟು ಸಲ ಉಸಿರು ನಿಲ್ಲುತ್ತದೆ ಅಥವಾ ಕುಗ್ಗುತ್ತದೆ ಎಂಬ ಲೆಕ್ಕ, ಸುಮಾರು ಶೇ. 32 ಏರುತ್ತದೆ, ಶೇ. 10 ಇಳಿದರೆ ಸುಮಾರು ಶೇ. 26 ಇಳಿಯುತ್ತದೆ. ನಿಮ್ಮ ಅಣ್ಣನವರ ಎಎಚ್‌ಐ 40 ಇದೆಯೆಂದೇ ಇಟ್ಟುಕೊಳ್ಳಿ. ಒಂಬತ್ತು ಕಿಲೊ ಕರಗಿಸಿದರೂ ಅದು 30ರ ಆಸುಪಾಸಿಗೆ ಬಂದೀತು. 15ರಿಂದ 30 ಮಧ್ಯಮ, ಅದರಾಚೆಗೆ ತೀವ್ರ. ಅದೇ 12 ಇದ್ದರೆ ಮಾತು ಬೇರೆ. ಇದನ್ನು ತಿಳಿಯಲು ಪರೀಕ್ಷೆಯೇ ಬೇಕಲ್ಲವೇ? ಚಿಕ್ಕಪ್ಪನವರಂಥವರಲ್ಲಿ ಹಿಂದೆ ಸರಿದ ಸಣ್ಣ ಕೆಳದವಡೆ, ಟಾನ್ಸಿಲ್, ಥೈರಾಯ್ಡ್ ಕೊರತೆ ಮುಂತಾದವನ್ನು ನೋಡಬೇಕಾಗುತ್ತದೆ.

ಒಂದು ಮಾತು ಖಂಡಿತವಾಗಿ ಹೇಳುತ್ತೇನೆ: ಚಿಕಿತ್ಸೆ ಶುರುವಾಗುವವರೆಗೆ ಅವರಿಗೆ ಘಟ್ಟದ ರಸ್ತೆಯಲ್ಲಿ ಸ್ಟೇರಿಂಗ್ ಕೊಡಬೇಡಿ.

ಉತ್ತರ (ಅಂಕೋಲಾ):
ಸಿಪ್ಯಾಪ್, ಅಂದರೆ ಮಲಗಿದಾಗ ಮಾಸ್ಕ್ ಮೂಲಕ ಒತ್ತಡದ ಗಾಳಿ ಕೊಟ್ಟು ಗಂಟಲನ್ನು ತೆರೆದಿಡುವ ಮಷಿನ್, ಬಳಸುವವನಾಗಿ ಬರೆಯುತ್ತಿದ್ದೇನೆ. ನಿದ್ದೆಗೆಟ್ಟ ದೇಹಕ್ಕೆ ಹಸಿವು ಹೆಚ್ಚು, ನಡೆಯುವ ಮನಸ್ಸು ಕಡಿಮೆ. ಬೆಳಗಿನ ದೋಸೆಯ ಲೆಕ್ಕ ತಪ್ಪುವುದೂ, ಸಂಜೆಯ ನಡಿಗೆ ನಾಳೆಗೆ ಹೋಗುವುದೂ ಆ ಆಯಾಸದಲ್ಲೇ. ಮಷಿನ್ ಬಂದಮೇಲೆ ನನಗೆ ನಡೆಯುವ ಶಕ್ತಿ ಬಂತು. ತೂಕ ಮಾತ್ರ ಅದರಿಂದಲೇ ಇಳಿಯಲಿಲ್ಲ, ಊಟ ಹಿಡಿತಕ್ಕೆ ಬಂದಮೇಲೆ ಇಳಿಯಿತು. ಮಷಿನ್ ಹಾಕಿಕೊಂಡಮೇಲೆ ಕೆಲವರ ತೂಕ ಸ್ವಲ್ಪ ಏರುವುದೂ ಉಂಟು. ಮಳೆಗಾಲದಲ್ಲಿ ರಾತ್ರಿ ಕರೆಂಟು ಹೋಗುವ ನಮ್ಮ ಕಡೆ ಇನ್ವರ್ಟರ್ ಇಟ್ಟುಕೊಳ್ಳುವುದು ಒಳ್ಳೆಯದು. ಆಗ ಮಷಿನ್‌ನ ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ಆರಿಸಿದರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ. ಮಾಸ್ಕ್ ಅನ್ನು ದಿನವೂ ತೊಳೆದು ಪೂರ್ತಿ ಒಣಗಿಸಿ, ಈ ತೇವದಲ್ಲಿ ಬೂಸ್ಟು ಬೇಗ ಹಿಡಿಯುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ತೂಕ ಇಳಿಸುವ ಇಂಜೆಕ್ಷನ್‌ನಿಂದ ಇದೂ ಗುಣವಾಗುತ್ತದೆ ಎಂದು ಅಣ್ಣ ಎಲ್ಲೋ ಓದಿದ್ದಾನೆ. ನಿಜವೇ?

ಉತ್ತರ (ಕಾರವಾರ):
ಅದು ಟಿರ್ಜೆಪಟೈಡ್ ಇರಬೇಕು. ಬೊಜ್ಜಿನ ಜೊತೆಗೆ ಮಧ್ಯಮ ಅಥವಾ ತೀವ್ರ ಆಪ್ನಿಯಾ ಇರುವ ವಯಸ್ಕರಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಡಿಸೆಂಬರ್‌ನಲ್ಲಿ ಅದನ್ನು ಒಪ್ಪಿದೆ, ಅದೂ ಪಥ್ಯ ಮತ್ತು ವ್ಯಾಯಾಮದ ಜೊತೆಗೆ. ವಾಕರಿಕೆ, ಭೇದಿ ಸಾಮಾನ್ಯ. ವೈದ್ಯರ ಚೀಟಿಯಿಲ್ಲದೆ ತೆಗೆದುಕೊಳ್ಳುವ ಔಷಧವಲ್ಲ. ಗೊರಕೆ ನಿಂತಿತೆಂದು ಮಷಿನ್ ಬದಿಗಿಡುವಂತಿಲ್ಲ. ತೂಕ ಚೆನ್ನಾಗಿ ಇಳಿದಮೇಲೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿ, ಮಷಿನ್‌ನ ಗಾಳಿಯ ಒತ್ತಡ ತಗ್ಗಿಸಬೇಕೋ ಮಷಿನ್ ಬಿಡಬಹುದೋ ಎಂಬುದನ್ನು ಆ ವರದಿ ನೋಡಿಯೇ ತೀರ್ಮಾನಿಸಬೇಕು.